ಕಪ್ಪು ಹಚ್ಚಿದ ತಲೆ

ಕಲ್ಲವ್ವನಿಗೆ ಅರವತ್ತೆರಡು. ಯೆರವಡಾದ ಮಜೂರ ಅಡ್ಡಾದಲ್ಲಿ ಮಾತ್ರ ನಲವತ್ತೈದು. ಬೆಳಿಗ್ಗೆ ಅಲ್ಲಿಂದ ಕೂಲಿಯವರನ್ನು ಆರಿಸಿಕೊಂಡು ಹೋಗುವ ಮುಕಾದಮ ದಿಗಂಬರನಿಗೆ ಬಿಳಿ ಕೂದಲು ಕಂಡರೆ ಆಗುವುದಿಲ್ಲ. ಅದಕ್ಕೇ ಯಾದಗಿರಿ ಕಡೆಯಿಂದ ಬಂದ ಮುದುಕ ಮುದುಕಿಯರೆಲ್ಲ ತಲೆಗೆ ಕಪ್ಪು ಹಚ್ಚಿಕೊಂಡೇ ನಿಲ್ಲುತ್ತಾರೆ. ಕಲ್ಲವ್ವನಿಗೆ ಹಚ್ಚುವವನು ಗಂಡ ಕಾಶಪ್ಪ, ಹಲ್ಲುಜ್ಜಿ ಸವೆದ ಬ್ರಶ್ಶಿನಿಂದ. ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ಅವಳು ಸೆರಗಿನ ಮರೆಯಲ್ಲೇ ನುಂಗುತ್ತಿದ್ದಳು. ರೋಗಿಷ್ಠರನ್ನು ಯಾವ ಮುಕಾದಮ ಕರೆಯುತ್ತಾನೆ?

ಈ ಮಳೆಗಾಲದ ಫ್ಲೂ ತಗಡಿನ ಮನೆಗಳ ಸಾಲನ್ನೇ ಬಡಿಯಿತು. ಸೊಸೆ ಮಾಯಾ ಎರಡು ದಿನ ನರಳಿ ಎದ್ದಳು, ಮತ್ತೆ ಕೂಲಿಗೆ ಹೋಗಿ ಬುಟ್ಟಿ ಹೊತ್ತಳು. ಅದೇ ಜ್ವರ ಅತ್ತೆಯ ಎದೆಗಿಳಿದು ಕೂತಿತು.

ಸರಕಾರಿ ದವಾಖಾನೆಯ ಸಾಲಿನಲ್ಲಿ ಅವಳ ಬೆನ್ನಿಗೇ ದಿಗಂಬರ ಕೆಮ್ಮುತ್ತ ನಿಂತಿದ್ದ. ಡಾಕ್ಟರಬಾಯಿ ಮರಾಠಿಯಲ್ಲಿ ವಯಸ್ಸು ಕೇಳಿದರು. ಕಲ್ಲವ್ವ ನಲವತ್ತೈದು ಎಂದಳು. ಬೇರೆ ಬೇನೆ? ಏನಿಲ್ಲ. ಜೊತೆಗೆ ಬಂದಿದ್ದ ಕಾಶಪ್ಪ ಗೋಡೆ ನೋಡಿದ. ಡಾಕ್ಟರಬಾಯಿ ಕಪ್ಪು ತಲೆ ನೋಡಿದರು, ಉದ್ದದ ಸಾಲು ನೋಡಿದರು, ಜ್ವರದ ಗುಳಿಗೆ ಕೊಟ್ಟು ಕಳಿಸಿದರು.

ಮರುದಿನ ಅವಳ ತುಟಿ ನೀಲಿಗಟ್ಟಿತು. ರಿಕ್ಷಾದಲ್ಲಿ ಕಾಶಪ್ಪ ದಾರಿಯುದ್ದಕ್ಕೂ ಬೈದ. ಮುಕಾದಮನನ್ನು, ಜ್ವರವನ್ನು, ಗೋಡೆ ನೋಡಿದ ತನ್ನ ಕಣ್ಣನ್ನು. ದವಾಖಾನೆಯಲ್ಲಿ ಅರ್ಧ ಅಡ್ಡಾವೇ ಕೆಮ್ಮುತ್ತ ಕೂತಿತ್ತು. ಎಲ್ಲರಿಗೂ ಕೇಳುವಂತೆ ಅವನು ಖರೆ ವಯಸ್ಸು ಹೇಳಿದ, ಸಕ್ಕರೆಯನ್ನೂ ಹೇಳಿದ.

ಡಾಕ್ಟರಬಾಯಿ ಉರಿದುಬಿದ್ದರು. ಹರೆಯದವರನ್ನು ಎರಡು ದಿನ ಮಲಗಿಸಿ ಬಿಟ್ಟುಹೋಗುವ ಜ್ವರ, ವಯಸ್ಸಾಗಿ ಸಕ್ಕರೆಯೂ ಇದ್ದವರ ಜೀವ ತೆಗೆಯಬಹುದು. ನಿನ್ನೆಯೇ ಹೇಳಿದ್ದರೆ ನಿನ್ನೆಯೇ ಇಲ್ಲಿ ಭರ್ತಿ ಮಾಡಿಕೊಳ್ಳುತ್ತಿದ್ದೆ ಎಂದರು. ಕಾಶಪ್ಪನಿಗೆ ಮರಾಠಿ ಮರೆತೇ ಹೋಯಿತು.

"ಖರೆ ಹೇಳಿದ್ರ ಅಡ್ಡಾದಾಗ ಯಾರ್ ಕರೀತಾರ್ರಿ ಬಾಯಾರ?"

ಅವರಿಗೆ ಕನ್ನಡ ತಿಳಿಯಲಿಲ್ಲ. ಕಲ್ಲವ್ವನಿಗೆ ಆಕ್ಸಿಜನ್ ಹಚ್ಚಿದರು.

ವಾರ ಕಳೆದು ಉಸಿರು ತಿರುಗುವ ಹೊತ್ತಿಗೆ ಅವಳ ಬೈತಲೆಯ ಬುಡದಲ್ಲಿ ಬಿಳಿ ಇಣುಕಿತ್ತು. ಬಾಯಿಬಿಟ್ಟವಳೇ ಗಂಡನ ಮೇಲೆ ಹರಿಹಾಯ್ದಳು.

"ಊರಿಗೆಲ್ಲ ಡಂಗುರ ಹೊಡದ್ರಿ. ಇನ್ನ ದಿಗಂಬರ ನನಗ ಬುಟ್ಟಿ ಮುಟ್ಟಾಕ ಬಿಡಂಗಿಲ್ಲ."

"ಸತ್ತಿದ್ರ ಮುಟ್ಟತಿದ್ದಿಯೇನ?"

ಅವಳು ಗೋಡೆಯ ಕಡೆ ಹೊರಳಿದಳು. ಗೋಡೆಗೇ ಹೇಳಿದಳು.

"ಹಡಪ್ಸರದಾಗೂ ಅಡ್ಡಾ ಅದ. ಅಲ್ಲಿ ನನ್ನ ಗುರ್ತ ಯಾರಿಗೂ ಇಲ್ಲ. ನಾಳೆ ಬರೂವಾಗ ಬ್ರಶ್ ತರ್ರಿ."

ಕಾಶಪ್ಪ ಹಲ್ಲು ಕಡಿದ.

"ಅಡ್ಡಾಕ್ಕ ನಲವತ್ತೈದು, ಡಾಕ್ಟರಿಗೆ ಅರವತ್ತೆರಡು. ಮತ್ತ ಅದಲುಬದಲು ಮಾಡಿದಿ ಅಂದ್ರ ನೋಡು."