ಹೊಗಿ ಎಲ್ಲಿಂದ ಹೋಗ್ತೈತಿ?

ನಮ್ಮ ಎದುರುಮನೆ ಮೌಶಿಗೆ ಎಡಗಣ್ಣಿನ ಮೇಲೆ ಹುಬ್ಬು ಇರಲಿಲ್ಲ. ಹುಡುಗಿಯಾಗಿದ್ದಾಗ ಬಚ್ಚಲದ ಒಲೆ ಊದಲು ಬಗ್ಗಿದಾಗ ಉರಿ ಭಗ್ಗನೆ ಎದ್ದು ಮುಖಕ್ಕೆ ಬಡಿಯಿತಂತೆ. ಆಮೇಲೆ ಅಲ್ಲಿ ಒಂದು ಕೂದಲೂ ಹುಟ್ಟಲಿಲ್ಲ. ಸಿಟ್ಟು ಬಂದರೆ ಬಲಗಡೆಯ ಹುಬ್ಬು ಹಣೆಗೇರುತ್ತಿತ್ತು, ಎಡಗಡೆ ಬರೀ ಚರ್ಮ ನಡುಗುತ್ತಿತ್ತು. ಸಿಟ್ಟು ದಿನವೂ ಬರುತ್ತಿತ್ತು. ಬರಬೇಕಾದದ್ದಕ್ಕೇ ಬರುತ್ತಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಯಾರು ಬೇಕಾದರೂ ಬಂದು ವಾದ ಮಾಡಲಿ.

ಕಮರಿಪೇಟೆಯ ಆ ಓಣಿಗೆ ನಾವು ಬಾಡಿಗೆಗೆ ಹೋದ ದಿನವೇ ಮೌಶಿ ನಮ್ಮ ಸಾಮಾನು ಇಳಿಸುವುದನ್ನು ನಿಂತು ನೋಡಿದಳು. ನಮ್ಮ ಫ್ರಿಜ್ ಒಳಗೆ ಹೋಗುವಾಗ ಕೇಳಿದಳು: "ಬಾಗಲಾ ಹಾಕಿದ ಮ್ಯಾಲೆ ಒಳಗಿನ ದೀಪ ಆರತೈತೇನವಾ? ಖರೇ ಹೇಳು, ನೋಡೀಯೇನು?"

ನಾನು ನೋಡಿರಲಿಲ್ಲ. ಯಾರು ನೋಡಿದ್ದಾರೆ?

ಆಕೆ ಹಾಗೆಯೇ. ಹೊಸ ಯಂತ್ರ ಯಾರ ಮನೆಗೆ ಬಂದರೂ ಹೊಸ್ತಿಲಲ್ಲಿ ಹಾಜರು. ಚಾಲೂ ಮಾಡುವುದು ಹೇಗೆ ಎಂದು ಎಂದೂ ಕೇಳಿದವಳಲ್ಲ. "ಬಂದ್ ಹೆಂಗ ಮಾಡೂದು, ಅದನ್ನ ಮದ್ಲ ಹೇಳ್ರಿ. ಚಾಲೂ ಹೆಂಗರ ಆಗತೈತಿ," ಅನ್ನುವಳು. ಮೂಲೆಮನೆಯವರು ತಾನೇ ನೀರು ತುಂಬಿಕೊಳ್ಳುವ ಬಟ್ಟೆ ಒಗೆಯುವ ಮಶೀನು ತಂದಾಗ, "ನಮ್ಮೂರಾಗ ನಳ ಬರೂದs ವಾರಕ್ಕೊಮ್ಮೆ. ಇದು ನಡುವ ನೀರು ಕೇಳಿದ್ರ ಏನ್ ಮಾಡ್ತೀರಿ?" ಎಂದಳು. ಅವರು ನಕ್ಕರು. ಬ್ಯಾರಲ್ಲು ಖಾಲಿಯಾದ ದಿನ ಮಶೀನು ಅರ್ಧಕ್ಕೇ ನಿಂತಿತು, ಬಾಗಿಲೂ ತೆಗೆಯಗೊಡಲಿಲ್ಲ. ಸೀರೆ, ಚಾದರ ಎಲ್ಲ ಒಳಗೇ ಕೊಳೆತ ವಾಸನೆ ಹೊಡೆದವು. ಮೌಶಿ ತಾನು ತುಂಬಿಟ್ಟ ನೀರನ್ನೇ ಕೊಡಗಟ್ಟಲೆ ಹೊತ್ತು ಕೊಟ್ಟಳು. ಕೊಡುವಾಗಲೂ ಬೈದಳು: "ಕೇಳಿದ್ರ ಹಲ್ಲು ಉದರತಾವೇನ್ ನಿಮ್ಮವು?"

ಓಣಿ ಆಕೆಯನ್ನು ಕಂಡರೆ ನಗುತ್ತಿತ್ತು. ಅಂಗಡಿಯವರು ಮುಖ ತಿರುಗಿಸುತ್ತಿದ್ದರು. ಮೊಬೈಲ್ ಮಾರುವವನು ಒಮ್ಮೆ, "ಅಜ್ಜಿ, ನಿಮಗ ತಿಳಿಯೂದಿಲ್ಲ ಬಿಡ್ರಿ" ಎಂದ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತಿಳಿಯದೇ ಇದ್ದದ್ದಕ್ಕೇ ಅಲ್ಲವೇ ಮನುಷ್ಯ ಕೇಳುವುದು? ತಿಳಿದವರು ಹೇಳಬೇಕು. ಹೇಳಲು ಬಾರದವರು ತಮಗೂ ತಿಳಿದಿಲ್ಲ ಎಂದು ಒಪ್ಪಬೇಕು. ಎರಡನ್ನೂ ಮಾಡದೆ ಹಲ್ಲು ಕಿರಿಯುವವರನ್ನು ಕಂಡರೆ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

ಮೌಶಿ ಬಾರಿಸಲಿಲ್ಲ. ಆಕೆಯ ಬಾಗಿಲ ಹಿಂದೆ ಒಂದು ಹಾರೆ ಇತ್ತು. ಗಟಾರ ಕಟ್ಟಿಕೊಂಡರೆ ಯಾರನ್ನೂ ಕಾಯದೆ ಅದರಿಂದ ಹಾಸುಗಲ್ಲು ಮೀಟಿ ಎತ್ತುವಳು. "ಮದ್ಲ ಕೇಳಬೇಕು. ಕೇಳಿದ್ದಕ್ಕ ಯಾರೂ ಮಾತಾಡಲಿಲ್ಲಂದ್ರ ಹಾರಿ ತಗೋಬೇಕು," ಎಂಬುದು ಆಕೆ ಆಗಾಗ ಹೇಳುತ್ತಿದ್ದ ಮಾತು. ನಾವು ಅದನ್ನು ಚೇಷ್ಟೆ ಎಂದುಕೊಂಡಿದ್ದೆವು.

ನಮ್ಮ ಮನೆಯ ಬಚ್ಚಲ ಹಳೆಯದು. ಮೂಲೆಯಲ್ಲಿ ಒಲೆ, ಅದರ ಮೇಲೆ ಹೂತ ತಾಮ್ರದ ಹಂಡೆ, ಹೊಗೆ ಹೋಗಲು ಮೇಲೆ ಗೋಡೆಯಲ್ಲೊಂದು ಕಿಂಡಿ. ಮಾಲಕರಿಗೆ ಅದನ್ನು ಹೊಸದು ಮಾಡುವ ಹುಕಿ ಬಂತು. ಹಂಡೆ ಕಿತ್ತರು, ಒಲೆ ಒಡೆದರು, ಹೂವಿನ ಚಿತ್ತಾರದ ಟೈಲ್ಸ್ ಹಚ್ಚಿದರು, ಗ್ಯಾಸ್ ಗೀಜರ್ ತಂದರು. ಒಲೆಯೇ ಹೋದಮೇಲೆ ಕಿಂಡಿ ಯಾತಕ್ಕೆ ಎಂದು ಇಟ್ಟಿಗೆ ಇಟ್ಟು ಮುಚ್ಚಿ ಅದರ ಮೇಲೂ ಟೈಲ್ಸ್ ಕೂಡ್ರಿಸಿದರು. ಗೀಜರ್ ಕೂಡ್ರಿಸುವವನು ಗೋಡೆಗೆ ತೂತು ಕೊರೆಯುತ್ತಿದ್ದಾಗ ಮೌಶಿ ಬಂದಳು.

"ತಮ್ಮಾ, ಇದರಾಗ ಉರಿ ಹತ್ತತೈತೇನು?"

"ಹತ್ತತೈತ್ರಿ. ಗುಂಡಿ ಒತ್ತೂದೂ ಬ್ಯಾಡ, ನಳಾ ತಿರವಿದ್ರ ಸಾಕು."

"ಹಂಗಾರ ಹೊಗಿ ಎಲ್ಲಿಂದ ಹೋಗ್ತೈತಿ?"

ಅವನು ಮಾಲಕರ ಮುಖ ನೋಡಿ ನಕ್ಕ. ಮಾಲಕರೂ ನಕ್ಕರು. "ಇದು ಗ್ಯಾಸ್ ಐತಿ ಮೌಶಿ. ನಿನ್ನ ಕುಳ್ಳು ಕಟಿಗಿ ಅಲ್ಲ. ಹೊಗಿ ಎಲ್ಲೈತಿ ಇದರಾಗ?"

"ಉರಿ ಐತಿ, ಹೊಗಿ ಇಲ್ಲ? ಕಣ್ಣಿಗೆ ಕಾಣಲಿಲ್ಲಂದ್ರ ಇಲ್ಲಂತ ಅನ್ನಬ್ಯಾಡ. ಉರಿಗೂ ಗಾಳಿ ಬೇಕು, ಮನಶ್ಯಾರಿಗೂ ಗಾಳಿ ಬೇಕು. ಇಷ್ಟು ಸಣ್ಣ ಖೋಲ್ಯಾಗ ಇಬ್ಬರಿಗೂ ಎಲ್ಲಿಂದ ತರ್ತೀಯೋ?"

"ಹೋಗ್ ಹೋಗು, ಮನಿ ಕೆಲಸಾ ನೋಡ್ಹೋಗು," ಎಂದರು ಮಾಲಕರು.

ಚಳಿಗಾಲ ಬಂತು. ನನ್ನ ಮಗಳಿಗೆ ಆಗ ಹತ್ತು ವರ್ಷ. ಸಾಲಿಗೆ ಹೊರಡುವ ಹೊತ್ತಿಗೆ ತಲೆನೋವು ಎನ್ನುತ್ತಿದ್ದಳು, ಒಂದೆರಡು ಸಲ ವಾಂತಿ ಮಾಡಿಕೊಂಡಳು. ಪಿತ್ತ ಎಂದರು ಒಬ್ಬರು, ಸಾಲಿ ತಪ್ಪಿಸುವ ನೆಪ ಎಂದರು ಇನ್ನೊಬ್ಬರು. ಮೌಶಿ ಒಂದೇ ಒಂದು ಪ್ರಶ್ನೆ ಕೇಳಿದಳು: "ತಲಿ ನೋಯೂದು ಎರಕೊಳ್ಳೂಕಿಂತ ಮದ್ಲೋ, ಎರಕೊಂಡ ಮ್ಯಾಲೋ?"

ಮೈಗೆ ನೀರು ಎರೆದುಕೊಂಡ ಮೇಲೆ. ಪ್ರತಿಸಲವೂ.

ಅಂದೇ ಮಾಲಕರ ಹತ್ತಿರ ಹೋಗಿ ಕಿಂಡಿ ತೆರೆಸಿಕೊಡಿ ಎಂದು ಕೇಳಿದೆ. ಕೈಮುಗಿದು ಕೇಳಿದೆ. "ಊರ ಮಂದೆಲ್ಲಾ ಹಾಕಿಸ್ಯಾರ್ರಿ. ಆ ಮುದಿಕಿ ಮಾತು ಕಟಿಗೊಂಡು ನನ್ನ ಗ್ವಾಡಿ ಒಡಸ್ತೀರೇನು?" ಎಂದರು. ಗೀಜರ್ ಹಚ್ಚಬೇಡ, ನಾನು ಅಡುಗೆಮನೆಯಲ್ಲಿ ನೀರು ಕಾಯಿಸಿ ಕೊಡುತ್ತೇನೆ ಎಂದು ಮಗಳಿಗೆ ಹೇಳಿಟ್ಟೆ. ಒಂದು ಮುಂಜಾನೆ ನಳ ಬಂದಿತ್ತು, ನಾನು ಓಣಿಯಲ್ಲಿ ಕೊಡ ಹಿಡಿದು ನಿಂತಿದ್ದೆ. ಸಾಲಿಗೆ ಹೊತ್ತಾಯಿತೆಂದು ಅವಳು ತಾನೇ ಗೀಜರಿನ ನಳ ತಿರುವಿಕೊಂಡು, ಚಿಲಕ ಹಾಕಿಕೊಂಡಿದ್ದಳು.

ಒಳಗೆ ನೀರು ಬೀಳುವ ಸಪ್ಪಳ ನಿಲ್ಲಲೇ ಇಲ್ಲ. ಮೊದಲು ಅದನ್ನು ಗಮನಿಸಿದವಳು ನನ್ನ ಪಕ್ಕದಲ್ಲೇ ನೀರಿಗೆ ನಿಂತಿದ್ದ ಮೌಶಿ. "ಹುಡುಗಿ ಎಲ್ಲಿ?" ಎಂದಳು. ನಾನು ಕೂಗಿದರೆ ಉತ್ತರವಿಲ್ಲ. ನಾನು ಬಾಗಿಲು ಬಡಿಯುತ್ತ ಚೀರುತ್ತಿದ್ದಂತೆ ಆಕೆ ಹಾರೆ ತಂದು ಸಂದಿನಲ್ಲಿ ತೂರಿಸಿ ಮೀಟಿದಳು. ಚಿಲಕ ಕಿತ್ತು ಬಿತ್ತು. ಮಗಳು ಗೋಡೆಗೆ ಒರಗಿ ಕುಸಿದಿದ್ದಳು, ಕಣ್ಣು ಅರ್ಧ ತೆರೆದಿತ್ತು. ಮೌಶಿ ತನ್ನ ಸೆರಗಿನಲ್ಲೇ ಅವಳನ್ನು ಸುತ್ತಿ ಬಯಲಿಗೆ ಎಳೆದುಕೊಂಡು ಬಂದು ಕಟ್ಟೆಯ ಮೇಲೆ ಮಲಗಿಸಿದಳು. "ಮಂದಿ ಸರೀರಿ! ಗಾಳಿ ಬಿಡ್ರಿ! ನಿಮ್ಮ ಮಾರಿ ನೋಡಾಕ ಬಂದಿಲ್ಲ ಆಕಿ!" ಎಂದು ಒದರಿದಳು.

ಆಸ್ಪತ್ರೆಯಲ್ಲಿ ಡಾಕ್ಟರು, "ಗೀಜರಿನ ಉರಿ ಬಿಟ್ಟ ವಿಷದ ಗಾಳಿ ಕುಡದಾಳ. ಇನ್ನೊಂದಿಷ್ಟು ಹೊತ್ತು ಒಳಗs ಇದ್ದಿದ್ರ ನಮ್ಮ ಕೈಯಾಗ ಏನೂ ಇರತಿರಲಿಲ್ಲ" ಎಂದರು. ಮರುದಿನ ಸಂಜೆ ಮಗಳ ಕೈ ಹಿಡಿದು ಮನೆಗೆ ಬಂದರೆ ಬಾಗಿಲಲ್ಲಿ ಮಾಲಕರು ಸಿಟ್ಟಿನಿಂದ ಕುಣಿಯುತ್ತಿದ್ದರು. ನಾವು ಆಸ್ಪತ್ರೆಯಲ್ಲಿದ್ದಾಗ ಮೌಶಿ ಸ್ಟೂಲ್ ಹತ್ತಿ, ಹೂವಿನ ಟೈಲ್ಸ್ ಒಡೆದು, ಇಟ್ಟಿಗೆ ಕೆಡವಿ ಕಿಂಡಿ ತೆರೆದಿದ್ದಳು. ಸಿಮೆಂಟಿನ ಧೂಳು ಆಕೆಯ ಕೂದಲಲ್ಲೆಲ್ಲ ಮೆತ್ತಿತ್ತು.

"ನಿನಗ ತಲಿ ನೆಟ್ಟಗೈತೇನು? ಹೊಸಾ ಗ್ವಾಡಿ! ಯಾರ ಕಟ್ಟಿ ಕೊಡ್ತಾರ ಇದನ್ನ?"

ಮೌಶಿಯ ಒಂದೇ ಹುಬ್ಬು ಮೇಲೇರಿತು. "ಗ್ವಾಡಿ ನಾನs ಕಟ್ಟಿ ಕೊಡ್ತೇನಿ. ಹುಡುಗಿನ್ನ ನೀ ಕಟ್ಟಿ ಕೊಡ್ತಿದ್ದೇನು?"

ಮಗುವಿಗೆ ಹೇಗಿದೆ ಎಂದು ಆ ಮನುಷ್ಯ ಕೇಳಲಿಲ್ಲ. ಮನೆ ಖಾಲಿ ಮಾಡಿ ಎಂದ. ಮಾಡಿದೆವು, ಕೆಲಗೇರಿ ಕಡೆಗೆ ಬಂದೆವು. ಇಲ್ಲಿ ಬಚ್ಚಲ ನೋಡಿದ ಮೇಲೆಯೇ ಅಡುಗೆಮನೆ ನೋಡಿದೆ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಎಂತಹ ಚಳಿಗಾಲದಲ್ಲೂ ತಣ್ಣೀರಿನಲ್ಲೇ ಎರೆದುಕೊಳ್ಳುತ್ತಾಳೆ, ಬೇಡ ಎಂದರೆ ಕೇಳುವುದಿಲ್ಲ.

ಮೌಶಿ ತೀರಿಹೋದ ಸುದ್ದಿ ತಡವಾಗಿ ತಿಳಿಯಿತು. ಮನೆಯವರನ್ನು ಮಾತಾಡಿಸಲು ಕಮರಿಪೇಟೆಗೆ ಹೋದೆ. ಆಕೆಯ ಸೊಸೆ ಚಹಾ ಕೊಟ್ಟು ಹೇಳಿದಳು: "ದವಾಖಾನ್ಯಾಗ ಬಾಜೂಕ ಒಂದು ಮಶೀನು ಕುಂಯ್ ಕುಂಯ್ ಅಂತಿತ್ರಿ ಅಕ್ಕಾ. 'ಇದು ಯಾಕ ಒದರಾಕತ್ತೇತಿ? ಬಂದ್ ಹೆಂಗ ಮಾಡೂದು?' ಅಂತ ಅತ್ತಿ ಬಂದಬಂದವರನ್ನ ಕೇಳಿದ್ರು. ಯಾರೂ ಹೇಳಲಿಲ್ರಿ. ಸುಮ್ನ ಮಲಕ್ಕೋ ಅಜ್ಜಿ ಅಂದ್ರು."

ಜೀವಮಾನವಿಡೀ ಕೇಳಿದವಳಿಗೆ ಕಡೆಗೂ ಅದೇ ಉತ್ತರ. ಎರಡು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಳು ಬರಲಿಲ್ಲ ನನಗೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಹೊರಗೆ ಬಂದರೆ ಎದುರಿಗೆ ನಮ್ಮ ಹಳೆಯ ಮನೆ. ಹಗ್ಗದ ಮೇಲೆ ಕೂಸಿನ ಅಂಗಿ, ದುಪಟಿ ಒಣಗುತ್ತಿದ್ದವು. ಪಕ್ಕದ ಸಂದಿಗೆ ಹೋಗಿ ತಲೆಯೆತ್ತಿ ನೋಡಿದೆ. ಕಿಂಡಿ ಇದ್ದಲ್ಲಿ ಮತ್ತೆ ಸಿಮೆಂಟು ಮೆತ್ತಿದ್ದರು. ಬಾಗಿಲು ಬಡಿದೆ. ಕೂಸನ್ನು ಸೊಂಟದ ಮೇಲಿಟ್ಟುಕೊಂಡ ಹುಡುಗಿ ತೆರೆದಳು.

"ನಿಮ್ಮ ಬಚ್ಚಲದಾಗ ಹೊಗಿ ಎಲ್ಲಿಂದ ಹೋಗ್ತೈತ್ರಿ?"

ಅವಳು ನಕ್ಕಳು. "ಗ್ಯಾಸ್ ಗೀಜರ್ ಐತ್ರಿ ಅಕ್ಕಾ. ಹೊಗಿ ಎಲ್ಲೈತಿ ಅದರಾಗ?"

ಅಲ್ಲೇ ನಿಂತು ಎಲ್ಲ ಹೇಳಿದೆ. ಅವಳ ನಗು ಆರಿತು, ಕೂಸನ್ನು ಎದೆಗೆ ಅವಚಿಕೊಂಡಳು. "ತಗಸಬೇಕ್ರಿ ಹಂಗಾರ. ಆದ್ರ ಮಾಲಕ್ರು ಬೈತಾರಲ್ರಿ?" ಎಂದಳು.

"ಬೈಲಿ. ನನಗ ಬೈಲಿ."

ಮರಳಿ ಮೌಶಿಯ ಮನೆಗೆ ಬಂದೆ. ಸೊಸೆ ಇನ್ನೂ ಚಹಾದ ಕಪ್ಪು ಎತ್ತುತ್ತಿದ್ದಳು.

"ಅತ್ತೀದು ಹಾರಿ ಎಲ್ಲೈತವಾ?"

ಅವಳು ನನ್ನ ಮುಖ ನೋಡಿದಳು. ಬಾಗಿಲ ಹಿಂದಿನಿಂದ ತೆಗೆದು ಕೊಟ್ಟಳು. ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ಎರಡೂ ಕೈಯಲ್ಲಿ ಎತ್ತಿಕೊಂಡು ಓಣಿ ದಾಟಿದೆ.