ಎಡಗೈ ನಮಸ್ಕಾರ

ಗೆಳೆಯರೇ, ಇವತ್ತು ಮಗಳು ಸವಿತಾಳನ್ನು ನೋಡಲು ಗುಂಡ್ಲುಪೇಟೆಯ ಗಂಡಿನ ಕಡೆಯವರು ವಿಡಿಯೊ ಕಾಲ್‌ನಲ್ಲಿ ಬಂದಿದ್ದರು. ನನ್ನವಳು ಬದುಕಿದ್ದಿದ್ದರೆ ಮಾತುಕತೆಯೆಲ್ಲ ಅವಳದೇ. ನಮ್ಮ ಬೆಟ್ಟದೂರು ಕೆತ್ತಿಯ ಮಂಜಿಗೆ ಮೊಬೈಲ್ ಸಿಗ್ನಲ್ ಸತ್ತಿತ್ತು. ಹಳೇ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೇಬಲ್ ಸಿಕ್ಕಿಸಿದೆ. ಅದರ ತುದಿಯ ಕ್ಲಿಪ್ಪು ಮುರಿದಿದೆ. ಬೆರಳಲ್ಲಿ ಒತ್ತಿ ಹಿಡಿದರಷ್ಟೇ ನೆಟ್.

ಹುಡುಗನ ತಾಯಿ ಕಂಡೊಡನೆ ಎರಡೂ ಕೈ ಮುಗಿದೆ. ಅವರು ಮಾಯ! ಮತ್ತೆ ಒತ್ತಿದೆ, ಬಂದರು. ಮತ್ತೆ ಮುಗಿದೆ, ಹೋದರು.

"ಅಪ್ಪಾ, ಕೈ ತೆಗೀಬೇಡಿ!" ಸವಿತಾ ಹಲ್ಲು ಕಚ್ಚಿದಳು.

ಬಲಗೈಯಲ್ಲಿ ಕೇಬಲ್ ಒತ್ತಿಕೊಂಡು ಎಡಗೈ ಎತ್ತಿದೆ.

"ಇದೇನ್ರೀ, ಎಡಗೈಲಿ ನಮಸ್ಕಾರ?" ಎಂದರು ಆಕೆ.

ಗಾಬರಿಯಲ್ಲಿ ಬಾಯಿಗೆ ಬಂದದ್ದು ಕಾಲೇಜಿನ ಇಂಗ್ಲಿಷು. "ಎಕ್ಸ್‌ಕ್ಯೂಸ್ ಮೇಡಂ, ಮೈ ರೈಟ್ ಹ್ಯಾಂಡ್ ಈಸ್ ನಾಟ್ ಫ್ರೀ ಟು ಮೂವ್."

"ಅಯ್ಯೋ, ಲಕ್ವ ಹೊಡ್ದಿದ್ಯಾ? ಬ್ರೋಕರು ಹೇಳ್ಲೇ ಇಲ್ವಲ್ಲ!"

"ಇಲ್ಲಮ್ಮಾ, ನೋಡಿ!" ಎಂದು ಬಲಗೈ ಎತ್ತಿ ಆಡಿಸಿದೆ. ಪರದೆ ಮತ್ತೆ ಖಾಲಿ. ಆಮೇಲೆ ಎಷ್ಟು ಒತ್ತಿದರೂ ನೆಟ್ ಬರಲಿಲ್ಲ. ಫೋನ್ ಮಾಡೋಣವೆಂದರೆ ಸಿಗ್ನಲ್ಲೂ ಇಲ್ಲ.

ನಾಳೆ ಬೆಳಿಗ್ಗೆ ಗುಂಡ್ಲುಪೇಟೆಯ ಬಸ್ಸು ಹತ್ತುತ್ತೇನೆ. ಹೆಣ್ಣಿನ ಅಪ್ಪ ತನ್ನ ಕೈ ತೋರಿಸಲು ಗಂಡಿನ ಮನೆಗೆ ಹೋಗುವುದು ಬಹುಶಃ ಇದೇ ಮೊದಲು.