ಲಿಫ್ಟ್ ಸರಿ ಬರಲಿಲ್ಲ

ನನ್ನನ್ನು ನೋಡಲು ಬಂದ ದಿನ ನಮ್ಮ ಮನೆಯವರು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಹೇಳಿದ್ದು ಒಂದೇ ಕತೆ. ಬಾಗಲಕೋಟೆಯ ಕಾಲೇಜಿನಲ್ಲಿ ಓದುವಾಗ ಅವರು ವಾಲಿಬಾಲ್ ಆಡುತ್ತಿದ್ದರಂತೆ, ರಾಜ್ಯ ತಂಡದ ಆಯ್ಕೆಗೆ ಕರೆ ಬಂದಿತ್ತಂತೆ. ಆಯ್ಕೆ ಮಾಡುವವರು ಕುರ್ಚಿ ಹಾಕಿಕೊಂಡು ನೋಡುತ್ತಿರುವಾಗಲೇ, ನೆಟ್ಟಿನ ಹತ್ತಿರ ನಿಂತು ಬಾಲ್ ಎತ್ತಿಕೊಡಬೇಕಾದವನು, ಅಂದರೆ ಲಿಫ್ಟರ್, ಅಡ್ಡಾದಿಡ್ಡಿ ಎತ್ತಿದ. ಇವರು ಹಾರಿ ಹೊಡೆದರು, ಬಾಲ್ ಗೆರೆಯಾಚೆ ಬಿತ್ತು, ಆಯ್ಕೆ ತಪ್ಪಿತು. "ಲಿಫ್ಟ್ ಸರಿ ಬರಲಿಲ್ರಿ" ಎಂದು ನಮ್ಮ ಅಪ್ಪನ ಮುಖ ನೋಡಿ ಹೇಳಿ ತಟ್ಟೆ ಕೆಳಗಿಟ್ಟರು. ನನಗೆ ವಾಲಿಬಾಲಿನ ಗಂಧಗಾಳಿ ಇರಲಿಲ್ಲ. ಆದರೆ ಅಷ್ಟುದ್ದದ ಗಂಡಸು ಯಾರದೋ ತಪ್ಪಿಗೆ ಅಷ್ಟು ಸಣ್ಣ ಮುಖ ಮಾಡಿಕೊಂಡು ಕೂತದ್ದು ನೋಡಿ ಕರುಳು ಚುರುಕ್ ಎಂದಿತು. ಆ ಸಂಜೆಯೇ ಅವ್ವನಿಗೆ ಒಪ್ಪಿಗೆ ಎಂದು ಹೇಳಿಬಿಟ್ಟೆ.

ಮದುವೆಯಾಗಿ ಕುವೈತಿಗೆ ಬಂದ ಮೇಲೆ ಗೊತ್ತಾಯಿತು, ಆ ಲಿಫ್ಟರ್ ಸಮುದ್ರ ದಾಟಿ ನಮ್ಮ ಜೊತೆಗೇ ಬಂದಿದ್ದಾನೆ ಎಂದು.

ನಮ್ಮ ಮನೆಯವರು ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ಅಲ್ಲಿ ಒಂದು ಪಂಪ್ ನಿಂತರೆ ಅದನ್ನು ಬಿಚ್ಚಿ, ಒಳಗೆ ಯಾವ ಭಾಗ ಸವೆದಿದೆ, ಯಾಕೆ ಸವೆಯಿತು ಎಂದು ಮೂಲಕ್ಕೆ ಹೋಗಿ ವರದಿ ಬರೆಯುವುದು ಅವರ ಕೆಲಸ. ಶುಕ್ರವಾರ ಬಂದರೆ ಆ ಬುದ್ಧಿಗೂ ರಜೆ. ಉತ್ತರ ಕರ್ನಾಟಕದವರೆಲ್ಲ ಸೇರಿ ಕಟ್ಟಿಕೊಂಡ ವಾಲಿಬಾಲ್ ಟೀಮಿಗೆ ಇವರೇ ಕ್ಯಾಪ್ಟನ್, ಹಾರಿ ಹೊಡೆಯುವ ಮುಖ್ಯ ಸ್ಮ್ಯಾಶರ್ ಕೂಡ ಇವರೇ. ಪ್ರತಿ ವರ್ಷ ಚಳಿಗಾಲದಲ್ಲಿ ಕನ್ನಡಿಗರ ಟೂರ್ನಮೆಂಟ್ ನಡೆಯುತ್ತದೆ, ಪ್ರತಿ ವರ್ಷ ಕಪ್ಪನ್ನು ಕರಾವಳಿಯವರ ಟೀಮು ಒಯ್ಯುತ್ತದೆ. ಪ್ರತಿ ವರ್ಷ ನಾವು ಸೋಲುವುದಕ್ಕೆ ಕಾರಣ ಒಂದೇ. ಲಿಫ್ಟ್ ಸರಿ ಬರಲಿಲ್ಲ.

ಈ ವಿಚಾರಣೆ ನಡೆಯುವುದು ನಮ್ಮ ಮನೆಯ ಹಾಲಿನಲ್ಲಿ. ಸೋತವರಿಗೆ ಹಸಿವು ಜಾಸ್ತಿ. ನಾನು ಮಂಗಾಫಿನ ಬಾಡಿಗೆ ಮನೆಯ ಗೇಣುದ್ದದ ಅಡುಗೆಮನೆಯಲ್ಲಿ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದರೆ ಹೊರಗೆ ಎಣ್ಣೆಗಾಯಿ ಬದನೆಕಾಯಿ ಖಾಲಿಯಾಗುತ್ತಿರುತ್ತದೆ, ತೀರ್ಪು ತಯಾರಾಗುತ್ತಿರುತ್ತದೆ. ವಾರವೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು ನಾನು. ಉತ್ತರ ತಪ್ಪು ಬಂದರೆ ಲೆಕ್ಕವನ್ನು ಮೊದಲಿನಿಂದ ನೋಡಿ ಎನ್ನುತ್ತೇನೆ. ಇವರಿಗೆ ಹೇಳಲು ಹೋಗಲಿಲ್ಲ, ರೊಟ್ಟಿ ಸೀದು ಹೋಗುತ್ತದೆಂದು.

ಲಿಫ್ಟರ್ ಆಗಲು ನಮ್ಮವರಲ್ಲಿ ಯಾರೂ ಮುಂದೆ ಬರುವುದಿಲ್ಲ. ಸ್ಮ್ಯಾಶ್ ಹೊಡೆದವನ ಫೋಟೋ ಗ್ರೂಪಿನಲ್ಲಿ ಓಡಾಡುತ್ತದೆ, ಬಾಲ್ ಎತ್ತಿಕೊಟ್ಟವನದು ಆ ಫೋಟೋದ ಮೂಲೆಯಲ್ಲಿ ಮೊಣಕೈ ಮಾತ್ರ ಬರುತ್ತದೆ. ಹಾಗಾಗಿ ಲಿಫ್ಟರನನ್ನು ಹೊರಗಿನಿಂದ ತರಬೇಕು. ಸಂಬಂಧ ಹುಡುಕುವವರು ಕೂಡ ಇಷ್ಟು ಜನರನ್ನು ವಿಚಾರಿಸುವುದಿಲ್ಲ. ನನ್ನ ಕಾಲದ ಮೊದಲನೆಯವನು ಒಬ್ಬ ಹೋಟೆಲ್ ಮಾಲೀಕ. ಎಲ್ಲರಿಗೂ ಜೆರ್ಸಿ ಹೊಲಿಸಿಕೊಟ್ಟ, ಬೆನ್ನ ಮೇಲೆ ತನ್ನ ಹೋಟೆಲಿನ ಹೆಸರು, ಎದೆಯ ಮೇಲೆ ತನ್ನದೇ ಮುಖ. ಬಾಲ್ ಕೈಗೆ ಬಂದರೆ ಮಗುವನ್ನು ಎತ್ತಿಕೊಂಡಂತೆ ಒಂದು ಗಳಿಗೆ ಹಿಡಿದುಕೊಂಡು ಬಿಡುತ್ತಿದ್ದ. ಬಾಲ್ ಹಿಡಿಯುವುದು ಫೌಲ್, ಪ್ರತಿ ಸಲವೂ ಅಂಪೈರ್ ಸೀಟಿ ಊದುತ್ತಿದ್ದ. ಮ್ಯಾಚ್ ಮುಗಿದ ಮೇಲೆ ಬಿರಿಯಾನಿ ಬರುತ್ತಿದ್ದಷ್ಟು ದಿನ ಅವನ ಆಟದಲ್ಲಿ ಯಾರಿಗೂ ದೋಷ ಕಾಣಲಿಲ್ಲ. ಬಿರಿಯಾನಿ ನಿಂತ ವಾರವೇ ಎಲ್ಲರ ಕಣ್ಣು ತೆರೆಯಿತು.

ಆಮೇಲೆ ಒಬ್ಬ ವೆಲ್ಡರ್ ಸಿಕ್ಕಿದ. ರಿಫೈನರಿಯನ್ನು ಕೆಲವು ತಿಂಗಳು ನಿಲ್ಲಿಸಿ ರಿಪೇರಿ ಮಾಡುತ್ತಾರಲ್ಲ, ಆ ಶಟ್‌ಡೌನಿಗೆಂದು ಬಂದವನು. ಒಳ್ಳೆಯ ಕೈ ಎಂದರು. ಟೂರ್ನಮೆಂಟಿಗೆ ಒಂದು ವಾರ ಇರುವಾಗ ಶಟ್‌ಡೌನ್ ಮುಗಿಯಿತು, ಅವನ ಕಂಪನಿ ಖಲಾಸ್ ಎಂದಿತು, ಅವನು ಊರಿಗೆ ಹೋದ. ನಮ್ಮ ಮನೆಯವರು ರಿಪೇರಿ ಬೇಗ ಮುಗಿದದ್ದಕ್ಕೆ ದುಃಖಪಟ್ಟ ಒಬ್ಬರೇ ಮೇಂಟೆನೆನ್ಸ್ ಎಂಜಿನಿಯರ್ ಇರಬೇಕು.

ದೂರದ ವಫ್ರಾದಿಂದ ಬಂದ ಲಿಫ್ಟರನದು ಬೇರೆ ಕತೆ. ಅವನು ಅಲ್ಲಿನ ಒಂದು ತೋಟದಲ್ಲಿ ಸೂಪರ್‌ವೈಸರ್, ಗಾಜಿನ ಮನೆಗಳಲ್ಲಿ ಸೌತೆಕಾಯಿ ಬೆಳೆಸುವುದು ಕೆಲಸ. ಆ ಕಡೆ ಬಸ್ಸು ಅಪರೂಪ. ಅವನನ್ನು ಕರೆತರಲು ಪ್ರತಿ ಶುಕ್ರವಾರ ಟೀಮಿನಿಂದ ಒಂದು ಕಾರು ಹೋಗಬೇಕು. ಸೆಮಿಫೈನಲ್ಲಿನ ದಿನ ಕಾರು ಒಯ್ದವರು ತೋಟದ ದಾರಿ ತಪ್ಪಿ, ಒಂದೇ ಥರದ ಬೇಲಿಗಳ ನಡುವೆ ಸುತ್ತಿ, ಅವನನ್ನು ಹುಡುಕಿ ತರುವಷ್ಟರಲ್ಲಿ ಮ್ಯಾಚ್ ಮುಗಿದು ನೆಟ್ ಬಿಚ್ಚುತ್ತಿದ್ದರು. ಪಾಪ, ಬರಿಗೈಯಲ್ಲಿ ಬಂದಿರಲಿಲ್ಲ, ಡಿಕ್ಕಿ ತುಂಬ ಸೌತೆಕಾಯಿ ತಂದಿದ್ದ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಕೋಸಂಬರಿ.

ಹೀಗೆ ಹತ್ತು ಹನ್ನೊಂದು ವರ್ಷ. ಅಷ್ಟರಲ್ಲಿ ನಮ್ಮ ಮನೆಯವರ ಮೊಣಕಾಲಿಗೆ ಪಟ್ಟಿ ಬಂತು, ಹೊಟ್ಟೆ ಅವರಿಗಿಂತ ಮೊದಲು ನೆಟ್ ಮುಟ್ಟತೊಡಗಿತು. ಎರಡು ವರ್ಷದ ಹಿಂದೆ ಡಾಕ್ಟರು ಇನ್ನು ಹಾರುವುದು ಸಾಕು ಎಂದರು. ಇದೊಂದು ವರ್ಷ ಎಂದರು ಇವರು, ಒಬ್ಬ ಸರಿಯಾದ ಲಿಫ್ಟರ್ ಸಿಕ್ಕರೆ ಕಪ್ ಗೆದ್ದು ನಿಲ್ಲಿಸಿಬಿಡುತ್ತೇನೆ. ಆಡಿಕೊಳ್ಳಲು ಬಾಯಿ ತೆರೆದವಳು ಮೊಣಕಾಲಿನ ಪಟ್ಟಿ ತಂದು ಕೊಟ್ಟೆ. ಇವರ ದನಿಯಲ್ಲಿ ಆ ಉಪ್ಪಿಟ್ಟಿನ ತಟ್ಟೆಯ ಹುಡುಗ ಇದ್ದ.

ಸರಿಯಾದ ಲಿಫ್ಟರ್‌ನನ್ನು ಕೊನೆಗೆ ಹುಡುಕಿದ್ದು ನಾನೇ. ಮಗಳ ಹಲ್ಲು ತೋರಿಸಲು ಹೋದಾಗ ಡೆಂಟಿಸ್ಟ್ ಮೈಸೂರಿನವರು ಎಂದು ಗೊತ್ತಾಯಿತು. ಮಾತಿಗೆ ಮಾತು ಬಂದು, ತಮ್ಮ ಗಂಡ ಯೂನಿವರ್ಸಿಟಿಗೆ ಲಿಫ್ಟರ್ ಆಗಿ ಆಡಿದವರು, ತಮ್ಮ ವೀಸಾದ ಮೇಲೆ ಇಲ್ಲಿಗೆ ಬಂದು ಇನ್ನೂ ಕೆಲಸ ಸಿಗದೆ ಮನೆಯಲ್ಲಿ ಬೇಜಾರು ಮಾಡಿಕೊಂಡಿದ್ದಾರೆ ಎಂದರು. ನಾನು ಕ್ಲಿನಿಕ್ಕಿನಿಂದಲೇ ಮನೆಯವರಿಗೆ ಫೋನ್ ಮಾಡಿದೆ. ಟೀಮಿನವರಿಗೆ ಮೊದಲು ಸಿಕ್ಕಿದ್ದು ನಗೆಯ ವಸ್ತು. ಹೆಂಡತಿಯ ವೀಸಾದಲ್ಲಿ ಬಂದವನು, ಮಧ್ಯಾಹ್ನ ಸಾರು ಕುದಿಸುವವನು ನಮಗೇನು ಬಾಲ್ ಎತ್ತಿಕೊಡುತ್ತಾನೆ ಎಂದು ಅರ್ಧ ಗಂಟೆ ಹಲ್ಲು ಕಿಸಿದರು. ಇದನ್ನು ಹೇಳಿದವರ ಬಾಯಲ್ಲಿ ಆಗ ಇದ್ದದ್ದು ನಾನು ಬಡಿದ ರೊಟ್ಟಿ. ಎರಡನೇ ಸುತ್ತಿಗೆ ಬೇಕಂತಲೇ ಖಾರ ಜಾಸ್ತಿ ಹಾಕಿದೆ.

ಡೆಂಟಿಸ್ಟ್ ಅವರ ಗಂಡ ಬಂದರು. ಸುಲೈಬಿಯಾದಲ್ಲಿ ಒಂದು ಗೋದಾಮಿನ ಹಿಂದಿನ ಬಯಲು ನಮ್ಮವರ ಪ್ರಾಕ್ಟೀಸಿನ ಜಾಗ. ನಾನು ಕಾರಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ, ಪಕ್ಕದಲ್ಲಿ ಮಗಳು. ಸ್ವಲ್ಪ ಹೊತ್ತಿಗೆ ಗಲಾಟೆಯೇ ಇಲ್ಲವಲ್ಲ ಎಂದು ತಲೆ ಎತ್ತಿದೆ. ಬಾಲ್ ಎಲ್ಲಿಂದ ಬಂದರೂ ಆತನ ಬೆರಳು ತಾಗಿದ ಮೇಲೆ ಒಂದೇ ಜಾಗಕ್ಕೆ, ಒಂದೇ ಎತ್ತರಕ್ಕೆ ಏಳುತ್ತಿತ್ತು. ತಿರುಗದೆ, ಅಲುಗದೆ, ಹೊಡೆಯುವವನಿಗಾಗಿ ನಿಂತಂತೆ. ನಮ್ಮವರು ಒಬ್ಬರಾದ ಮೇಲೆ ಒಬ್ಬರು ಹಾರಿ ಅದನ್ನು ನೆಟ್ಟಿಗೆ, ಗೋಡೆಗೆ, ನಿಲ್ಲಿಸಿದ್ದ ಲಾರಿಯ ಟಾಪಿಗೆ ಹೊಡೆದರು. ಹೊಸದಾಗಿ ಬಂದ ವಿಜಯಪುರದ ಹುಡುಗನೊಬ್ಬ ಮಾತ್ರ ಹೊಡೆದದ್ದನ್ನೆಲ್ಲ ಒಳಗೆ ಹಾಕಿದ.

ಅಂದು ರಾತ್ರಿ ಊಟಕ್ಕೆ ಹೊಸ ಹೊಸ ಕಾರಣಗಳು ಬಡಿಸಲ್ಪಟ್ಟವು. ಲಿಫ್ಟ್ ತೀರಾ ನೆಟ್ಟಗೆ ಬರುತ್ತದೆ ಎಂದರು ಒಬ್ಬರು. ಮೈಸೂರಿನವರದು ನಾಜೂಕಿನ ಆಟ, ನಮ್ಮ ಕಡೆಯವರ ಕೈಗೆ ಒಗ್ಗುವುದಿಲ್ಲ ಎಂದರು ಇನ್ನೊಬ್ಬರು. ಮೂರು ನಾಲ್ಕು ವಾರದಲ್ಲಿ ಇನ್ನೊಂದು ದೂರು ಸೇರಿತು. ಆತ ಮುಖ್ಯ ಬಾಲೆಲ್ಲ ವಿಜಯಪುರದ ಹುಡುಗನಿಗೇ ಕೊಡುತ್ತಾನೆ, ಕ್ಯಾಪ್ಟನ್ನಿಗೆ ಕೊಡುವುದಿಲ್ಲ. ನಮ್ಮ ಮನೆಯವರು ಕೈ ತೊಳೆಯುತ್ತ, ಅಂವಗ ಯಾರು ಸೀನಿಯರ್ ಅನ್ನೂದ ಗೊತ್ತಿಲ್ಲ ಎಂದು ಗೊಣಗಿದರು. ಹತ್ತು ವರ್ಷ ಲಿಫ್ಟರ್ ಇಲ್ಲವೆಂದು ಅತ್ತವರು, ಲಿಫ್ಟರ್ ಸಿಕ್ಕಿದನೆಂದು ಅಳುವುದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ.

ಆದರೂ ಆ ಚಳಿಗಾಲ ನಾವು ಸೆಮಿಫೈನಲ್ ತಲುಪಿದೆವು. ಎದುರಿಗೆ ಅದೇ ಕರಾವಳಿ. ತಲಾ ಒಂದು ಸೆಟ್ ಗೆದ್ದು ಮೂರನೆಯದರ ಕೊನೆಗೆ ಬಂದಾಗ ನಮ್ಮವರೇ ಒಂದು ಪಾಯಿಂಟ್ ಮುಂದಿದ್ದರು. ಆ ಒಂದು ಬಾಲ್ ಬಿದ್ದರೆ ಫೈನಲ್. ನಾನೂ ಉತ್ತರಪತ್ರಿಕೆಗಳನ್ನು ಕಾರಿನ ಸೀಟಿನ ಮೇಲೆ ಬಿಟ್ಟು ಗೆರೆಯ ಹತ್ತಿರ ಬಂದು ನಿಂತಿದ್ದೆ. ಬಾಲ್ ಲಿಫ್ಟರ್ ಕೈಗೆ ಬಂತು. ಎದುರಿನವರ ಮುಂದಿನ ಸಾಲಿನ ಮೂವರೂ ವಿಜಯಪುರದ ಹುಡುಗನನ್ನು ತಡೆಯಲು ಆ ಕಡೆ ಓಡಿದರು. ಲಿಫ್ಟರ್ ಆ ಹುಡುಗನ ಕಡೆ ನೋಡುತ್ತಲೇ ಬಾಲನ್ನು ಹಿಂದಕ್ಕೆ, ನಮ್ಮ ಮನೆಯವರಿಗೆ ಎತ್ತಿದರು.

ಇವರ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ನೆಟ್ ಖಾಲಿ, ಅದರಾಚೆ ಅರ್ಧ ಅಂಗಳ ಖಾಲಿ. ಕಾಲೇಜಿನಿಂದ ಇಲ್ಲಿಯವರೆಗೆ ಕಾದ ಬಾಲ್ ಅಂದರೆ ಅದೇ. ಹೊಡೀರಿ ಎಂದು ನನ್ನ ಬಾಯಿಂದಲೇ ಬಂತು. ಅವರು ಹಾರಿದರು, ಹೊಡೆದರು. ಬಾಲ್ ಗೆರೆ ದಾಟಿ ದೂರ ಹೋಗಿ ಮರಳಿನಲ್ಲಿ ಬಿತ್ತು.

ನಮ್ಮ ಟೀಮಿನ ಅಷ್ಟೂ ಜನ ತಿರುಗಿ ಲಿಫ್ಟರನ ಮುಖ ನೋಡಿದರು. ಅಭ್ಯಾಸಬಲ, ಮತ್ತೇನಿಲ್ಲ. ಮೈಸೂರಿನವರು ಅಂಗಿಗೆ ಕೈ ಒರೆಸಿಕೊಂಡು ತಮ್ಮ ಜಾಗಕ್ಕೆ ಹೋಗಿ ನಿಂತರು. ನಮ್ಮ ಮನೆಯವರೊಬ್ಬರು ಮಾತ್ರ ಬಾಲ್ ಬಿದ್ದ ಜಾಗವನ್ನೇ ನೋಡುತ್ತಿದ್ದರು. ಮುಂದಿನ ಎರಡು ಪಾಯಿಂಟ್ ಕರಾವಳಿಯವರಿಗೆ ಹೋಯಿತು.

ಮನೆಗೆ ವಾಪಸಾಗುವಾಗ ಕಾರಿನಲ್ಲಿ, ಲಿಫ್ಟ್ ಸರಿ ಬರಲಿಲ್ಲ ಎಂಬ ಮಾತಿಗೆ ನಾನು ಕಾಯುತ್ತಿದ್ದೆ. ಬರಲಿಲ್ಲ. ತಡೆಯಲಾಗದೆ, ಬಾಲ್ ಸ್ವಲ್ಪ ಹಿಂದಕ್ಕೆ ಬಂದಿತ್ತೇನೋ ಎಂದು ನಾನೇ ಎತ್ತಿಕೊಟ್ಟೆ. ಹಿಂದಿನ ಸೀಟಿನಿಂದ ಮಗಳು, "ನೋ ಮಮ್ಮಿ, ಇಟ್ ವಾಸ್ ಪರ್ಫೆಕ್ಟ್" ಎಂದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಸುಮ್ಮನಿರುವುದೊಂದು ಗೊತ್ತಾಗುವುದಿಲ್ಲ. ಅವರು ಸ್ಟೇರಿಂಗ್ ಮೇಲಿನ ಕೈ ಬದಲಿಸಿದರು, ಅಷ್ಟೇ.

ಮನೆಯ ಹಾಲಿನಲ್ಲಿ ಟೀಮಿನವರ ತೀರ್ಪು ಬೇಗ ಬಂತು. ಅಂಥ ಹೊತ್ತಿನಲ್ಲಿ ಯಾರಾದರೂ ಹಿಂದಕ್ಕೆ ಎತ್ತುತ್ತಾರೆಯೇ, ಆತನನ್ನು ತೆಗೆಯಬೇಕು, ಕ್ಯಾಪ್ಟನ್ನೇ ಹೇಳಿಬಿಡಲಿ ಎಂದರು. ಕ್ಯಾಪ್ಟನ್ ತಟ್ಟೆ ನೋಡುತ್ತ ಊಟ ಮುಗಿಸಿದರು. ಎರಡು ದಿನ ಬಿಟ್ಟು, ಹಲ್ಲಿನ ಡಾಕ್ಟರನ್ನೂ ಅವರ ಗಂಡನನ್ನೂ ಊಟಕ್ಕೆ ಕರೆದಿದ್ದೇನೆ ಎಂದರು. ಹೊಟ್ಟೆ ತುಂಬಿಸಿ ಟೀಮಿನಿಂದ ಕಳಿಸುವ ಉಪಾಯ ಎಂದುಕೊಂಡೆ. ಆ ಮನುಷ್ಯನಿಗೆ ಈ ದೇಶದಲ್ಲಿ ಇದ್ದದ್ದು ವಾರಕ್ಕೊಂದು ಶುಕ್ರವಾರ. ಅದನ್ನೂ ಕಿತ್ತುಕೊಳ್ಳುವ ಅಡುಗೆ ನನ್ನ ಕೈಯಿಂದಲೇ ಆಗಬೇಕೇ ಎಂದು ಸಿಟ್ಟಿನಿಂದ ಹಿಟ್ಟು ನಾದಿದೆ.

ಊಟಕ್ಕೆ ಕೂತಾಗ ಡಾಕ್ಟರ್ ಸಹಜವಾಗಿ, ನೀವೂ ಕಾಲೇಜಿನಲ್ಲಿ ಆಡುತ್ತಿದ್ದಿರಾ ಎಂದು ಕೇಳಿದರು. ಸರಿ, ಕತೆ ಶುರುವಾಯಿತು. ಬಾಗಲಕೋಟೆ, ಆಯ್ಕೆ, ಕುರ್ಚಿ ಹಾಕಿಕೊಂಡು ಕೂತವರು. ನಾನು ಒಲೆಯ ಮುಂದೆ ನಿಂತು, ಮುಂದಿನ ಮಾತನ್ನು ತುಟಿಯಲ್ಲೇ ಅಂದುಕೊಳ್ಳುತ್ತ ರೊಟ್ಟಿ ತಿರುವಿ ಹಾಕಿದೆ. ಅವರ ಕತೆ ಅಲ್ಲಿಗೆ ಬಂದು ನಿಂತಿತು.

"ಆವತ್ತ ಬಾಲ್ ಚೊಲೋ ಬಂದಿತ್ರಿ" ಎಂದರು ಲಿಫ್ಟರನಿಗೆ. "ಮೊನ್ನೆ ನೀವ ಕೊಟ್ರಲ್ಲಾ, ಹಂಗ. ನಾನ ಹೊರಗ ಹೊಡದೆ." ಆಮೇಲೆ, ಬರುವ ಶುಕ್ರವಾರ ಬೇಗ ಬನ್ನಿ, ನನ್ನ ಜಾಗದಲ್ಲಿ ಇನ್ನೊಬ್ಬ ಹುಡುಗನನ್ನು ತಯಾರು ಮಾಡಬೇಕು ಎಂದರು.

ಇಷ್ಟು ವರ್ಷ ಆ ಕತೆಯನ್ನು ಆಡಿಕೊಂಡು ನಕ್ಕವಳು ನಾನು. ಗೆದ್ದೆ ಎಂದು ಕುಣಿಯಬೇಕಿತ್ತು. ಅದರ ಬದಲು ನನ್ನದೇನನ್ನೋ ನನ್ನನ್ನು ಕೇಳದೆ ಒಯ್ದು ಬೇರೆಯವರಿಗೆ ಕೊಟ್ಟುಬಿಟ್ಟಂತೆ ಅನಿಸಿತು. ನಾನು ಒಪ್ಪಿಕೊಂಡಿದ್ದು ಆ ಲಿಫ್ಟ್ ಸಿಗದ ಹುಡುಗನನ್ನು. ರೊಟ್ಟಿ ಹಿಡಿದುಕೊಂಡೇ ಹೊರಗೆ ಬಂದೆ.

"ಸುಮ್ನ ಏನರ ಹೇಳಬ್ಯಾಡ್ರಿ" ಎಂದೆ. "ಬಾಗಲಕೋಟ್ಯಾಗಿನ ಆ ಲಿಫ್ಟ್ ಸರಿ ಇದ್ದಿಲ್ಲ."

ಲಿಫ್ಟರ್ ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. "ಇರಬಹುದು ಮೇಡಂ" ಎಂದರು. "ಎಲ್ಲಾ ಲಿಫ್ಟೂ ಸರಿಯಾಗಿ ಬರಲ್ಲ."

ನಮ್ಮ ಮನೆಯವರು ತಲೆ ಎತ್ತಲಿಲ್ಲ. ತಟ್ಟೆ ನನ್ನ ಕಡೆ ಚಾಚಿದರು. ರೊಟ್ಟಿ ಹಾಕಿದೆ.